ಒಣಶುಂಠಿ ಪುಡಿಯ ಗಂಟು

ಚನ್ನಗಿರಿ
10-1-1982

ಮಗಳೇ ಪ್ರೇಮಾ,

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೀರಿ ಅಂತ ಶುರು ಮಾಡಬೇಕಂತೆ. ಸುಳ್ಳು ಯಾಕೆ ಹೇಳ್ಲಿ? ನಾವು ಕ್ಷೇಮ ಇರಲಿಲ್ಲ, ಅದಕ್ಕೇ ಬರೀಲಿಲ್ಲ. ನಮ್ಮ ಓಣಿಯಾಗೆ ವಾಂತಿ ಭೇದಿ ಒಂದು ಸುತ್ತು ಹೊಡೀತು ನೋಡು, ಒಂದು ಮನೆ ಬಿಡಲಿಲ್ಲ. ಊರಿಗೆಲ್ಲ ಪೈಲ್ವಾನ ಅಂತ ಮೆರೀತಿದ್ದ ನಿನ್ನಣ್ಣ ಬಂಗಾರಪ್ಪ ಚೊಂಬು ಹಿಡ್ಕಂಡು ಹಿತ್ತಲಿಗೆ ಓಡಿದ್ದೇ ಓಡಿದ್ದು. ಕೊನೆಗೆ ಹಸೀ ಬಟ್ಟೆ ಹಿಂಡಿದಂಗೆ ಆಗಿ ಮಲಗಿದ. ನಾನೂ ಬಿದ್ದೆ, ಎದ್ದೆ. ಈಗ ಎಲ್ಲ ಸರಿ ಐತೆ, ಗಾಬರಿ ಬೀಳಬ್ಯಾಡ. ನಿನ್ನ ಅತ್ತಿಗೆ ತುಂಬಿದ ಬಸುರಿ, ಅವಳಿಗೆ ತಗಲದಂಗೆ ಕಾಯೋದ್ರಾಗೆ ನನ್ನ ಜೀವ ಹಣ್ಣಾತು. ಇವತ್ತೋ ನಾಳೆಯೋ ಅನ್ನಂಗೆ ಐತೆ.

ನೀನು ಗಂಡನ ಮನೆಗೆ ಹೋಗಿ ತಿಂಗಳಾತು. ಮನೆ ಬಿಕೋ ಅಂತೈತೆ ಅಂತ ಬರೆದ್ರೆ ನೀನು ಅಲ್ಲಿ ಅತ್ಕಂತ ಕೂರ್ತೀಯ. ಅದಕ್ಕೆ ಬರಿಯಂಗಿಲ್ಲ. ಅಳಿಯಂದಿರು ಬಟ್ಟೆ ಅಂಗಡಿಯಿಂದ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರ್ತಾರಾ? ನಿನ್ನ ಅತ್ತೆ ಕಲ್ಲಮ್ಮನೋರು ಇನ್ನೂ ಒಲೆ ಮುಂದೆ ನಿನ್ನ ಬಿಟ್ಟಿಲ್ಲ ಅಂತ ಬರೆದಿದ್ದೆ. ಬಿಡದಿದ್ರೆ ಬ್ಯಾಡ ಬಿಡು, ಕೂತು ಉಣ್ಣು. ಆ ಯಮ್ಮನ ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ ಅಂತ ನನಗೆ ಅನ್ನಿಸ್ತೈತೆ. ಎದುರು ಮಾತಾಡಬ್ಯಾಡ.

ಇನ್ನೊಂದು ಮಾತು. ಟ್ರಂಕಿನ ತಳದಾಗೆ, ಹಳದಿ ಸೀರೆ ಕೆಳಗೆ, ಒಂದು ಗಂಟು ಕಟ್ಟಿ ಇಟ್ಟಿದೀನಿ. ಒಣಶುಂಠಿ, ಓಂಕಾಳು ಹುರಿದು ಕುಟ್ಟಿದ ಪುಡಿ. ಅಳಿಯಂದಿರಿಗೆ ಹೊಟ್ಟೆ ಗುಡುಗುಡು ಅಂದ್ರೆ ಮಜ್ಜಿಗೆಗೆ ಒಂದು ಚಿಟಿಕೆ ಹಾಕಿ ಕೊಡು. ಎಲ್ಲರ ಮುಂದೆ ತೋರಿಸ್ಕಂತ ಕೂರಬ್ಯಾಡ. ತವರಿಂದ ಔಷಧಿ ಹೊತ್ಕಂಡು ಬಂದವಳೆ, ನಮ್ಮನೆಯಾಗೆ ಇರಲಿಲ್ವಾ ಅಂತ ಮಾತು ಬರ್ತೈತೆ. ಹೊಸ ಸೊಸೆ ಎಷ್ಟು ಕಮ್ಮಿ ಕಾಣಿಸ್ತಾಳೋ ಅಷ್ಟು ಒಳ್ಳೇದು.

ಕಾಗದ ಹಾಕು.

ನಿನ್ನ ಅಮ್ಮ,
ಕಸ್ತೂರಮ್ಮ


ನ್ಯಾಮತಿ
29-1-1982

ಅಮ್ಮನಿಗೆ ಪ್ರೇಮ ಮಾಡುವ ನಮಸ್ಕಾರ.

ಅತ್ತಿಗೆಗೆ ಗಂಡುಮಗು ಆದ ಕಾರ್ಡು ಬಂತು. ಓದಿ ಒಬ್ಬಳೇ ನಕ್ಕೆ. ಈ ಕಾಗದವನ್ನು ಅಣ್ಣನ ಮುಂದೆ ಓದಬೇಡ, ನಿನ್ನ ದಮ್ಮಯ್ಯ.

ಹೋದ ಶನಿವಾರ ಹೊನ್ನಾಳಿಯಿಂದ ನಾದಿನಿ ತಮ್ಮ ಕೂಸನ್ನು ಕರೆದುಕೊಂಡು ಬಂದಿದ್ದರು. ಇವರೇ ಬಸ್‌ಸ್ಟ್ಯಾಂಡಿಗೆ ಹೋಗಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಅದು ದಾರಿಯಲ್ಲಿ ಇವರ ಅಂಗಿಯ ಮೇಲೆಲ್ಲ ವಾಂತಿ ಮಾಡಿಕೊಂಡಿತ್ತು. ಬಸ್ಸಿನಲ್ಲಿ ಬಂದದ್ದಕ್ಕೆ ಹಾಗಾಯಿತು ಅಂತ ಎಲ್ಲರೂ ನಕ್ಕರು. ಸೋಮವಾರ ಅವರು ಹೊರಟುಹೋದರು.

ಅವತ್ತೇ ಮಧ್ಯಾಹ್ನ ಇವರು ಅಂಗಡಿಯಿಂದ ಬೇಗ ಬಂದು, ಹೊಟ್ಟೆ ಒಂಥರಾ ಆಗ್ತಿದೆ, ಊಟ ಬೇಡ ಅಂದರು. ಅತ್ತೆ ಹಿತ್ತಲಲ್ಲಿದ್ದರು. ನೀನು ಹೇಳಿದ್ದು ನೆನಪಾಯಿತು. ಗಂಟು ಬಿಚ್ಚಿ, ಮಜ್ಜಿಗೆಗೆ ಒಂದು ಚಿಟಿಕೆ ಹಾಕಿ ಕೊಟ್ಟೆ. ಕುಡಿದು ಲೋಟ ಕೆಳಗಿಡುವ ಮೊದಲೇ ವಾಂತಿ. ಆಮೇಲೆ ಭೇದಿ. ಸಂಜೆಯೊಳಗೆ ಎದ್ದು ನಿಲ್ಲಲಾರದ ಹಾಗೆ ಆದರು. ಮೈ ಸ್ವಲ್ಪ ಬೆಚ್ಚಗಿತ್ತು, ಕೈಕಾಲು ಸೆಳೆತ.

ನಾನು ಬೆರೆಸುವಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರಂತೆ, ನಾನು ನೋಡಿರಲಿಲ್ಲ. "ಏನೇ ಅದು ಹಾಕಿದ್ದು?" ಅಂದರು. ಹೆದರಿ ಏನಿಲ್ಲ ಅಂದುಬಿಟ್ಟೆ ಅಮ್ಮಾ. ಗಂಟನ್ನು ಸೆರಗಿನಲ್ಲಿ ಮುಚ್ಚಿದೆ. ನನ್ನ ಕರ್ಮ! ಶುಂಠಿ ಪುಡಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರೇ ಸೆರಗು ಎಳೆದು ಗಂಟು ಕಿತ್ತುಕೊಂಡರು. ಪಕ್ಕದ ಮನೆ ಸಿದ್ದಲಿಂಗಮ್ಮ ಬಂದು ಮೂಸಿ ನೋಡಿ, "ಕಲ್ಲಕ್ಕ, ಇದು ಮದ್ದು. ಗಂಡನ್ನ ಕೈವಶ ಮಾಡ್ಕಳಾಕೆ ಹಾಕೈತೆ ಹುಡುಗಿ. ಹೆಚ್ಚಾಗಿ ಬಿದ್ದು ಕೆಲಸ ಕೆಟ್ಟೈತೆ" ಅಂದಳು. ಅತ್ತೆ ಗಂಟನ್ನು ತಿಪ್ಪೆಗೆ ಎಸೆದು ಸ್ನಾನ ಮಾಡಿದರು.

ಅವತ್ತಿನಿಂದ ನನ್ನನ್ನು ಅಡುಗೆಮನೆಯ ಹೊಸಿಲನ್ನೂ ದಾಟಲು ಬಿಡುತ್ತಿಲ್ಲ. ನಾನು ಮುಟ್ಟಿದ ಕೊಡದ ನೀರನ್ನು ಗಿಡಕ್ಕೆ ಸುರಿಯುತ್ತಾರೆ. ಇವರಿಗೆ ಇನ್ನೂ ನಿಂತಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂತ ಮಾವ ಅಂದರೆ, ಮದ್ದು ಬಿದ್ದ ಮೈಗೆ ಸೂಜಿ ಚುಚ್ಚಿಸಿದರೆ ಜೀವ ಹೋಗುತ್ತೆ ಅಂತ ಅತ್ತೆ ಬಿಡುತ್ತಿಲ್ಲ. ಕುಡಿಯಲಿಕ್ಕೂ ಒಂದೆರಡು ಗುಟುಕಿನ ಮೇಲೆ ಕೊಡುತ್ತಿಲ್ಲ, ಕುಡಿದಷ್ಟೂ ಹರಿಯುತ್ತೆ ಅಂತಾರೆ.

ಅಮ್ಮಾ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ಗಂಟಿನಲ್ಲಿ ಏನಿತ್ತು? ಗಂಡ ನನ್ನ ಮಾತು ಕೇಳಲಿ ಅಂತ ಯಾರಾದರೂ ಹೇಳಿಕೊಟ್ಟದ್ದನ್ನು ನೀನು ಅದಕ್ಕೆ ಬೆರೆಸಿದ್ದೆಯಾ? ಇದ್ದರೆ ಇದ್ದದ್ದು ಹೇಳಿಬಿಡು. ಇವರು ಉಳಿಯಬೇಕು.

ಪ್ರೇಮ


ಚನ್ನಗಿರಿ
1-2-1982

ಪ್ರೇಮಾ,

ಏನಿತ್ತು ಅಂತ ಕೇಳ್ತೀಯಲ್ಲೇ! ಒಣಶುಂಠಿ ಇತ್ತು. ಓಂಕಾಳು ಇತ್ತು. ನೀನು ಸಣ್ಣೋಳಿದ್ದಾಗ ಹೊಟ್ಟೆ ಕಟ್ಟಿದಾಗೆಲ್ಲ ನೆಕ್ಕಿಸಿದ್ದು ಅದೇ ಪುಡಿ. ನಿನ್ನ ಅತ್ತೆ ಅಂದಿದ್ರೆ ಅನ್ಲಿ, ಪಕ್ಕದ ಮನೆಯೋಳು ಅಂದಿದ್ರೆ ಅವಳ ಬಾಯಿ ಬಿದ್ದುಹೋಗ್ಲಿ. ನನ್ನ ಹೊಟ್ಟೆಯಾಗೆ ಹುಟ್ಟಿದ ನೀನು ಕೇಳಿದ್ಯಲ್ಲ. ಕಾಗದ ಓದಿ ಕುಂತಲ್ಲೇ ಕುಂತೆ, ಒಲೆ ಮೇಲಿನ ಹಾಲೆಲ್ಲ ಉಕ್ಕಿ ಹೋತು.

ಇರ್ಲಿ. ಅದನ್ನ ಆಮೇಲೆ ಜಗಳ ಆಡಾಣ. ಈಗ ನಾನು ಹೇಳೋದು ಕಿವಿಗೊಟ್ಟು ಕೇಳು, ಎರಡು ಸಲ ಓದು.

ಇದು ಮದ್ದಲ್ಲ ಮಣ್ಣಲ್ಲ. ನಮ್ಮ ಓಣಿಗೆ ಬಂದಿದ್ದೇ ಅಲ್ಲಿಗೆ ಬಂದೈತೆ. ಆ ಹೊನ್ನಾಳಿ ಕೂಸು ನೋಡು, ಅದಕ್ಕೆ ಮೊದಲು ಬಂದಿದ್ದು! ಬಸ್ಸಿನ ವಾಂತಿ ಅಂತ ನಕ್ಕರಂತೆ, ನಗ್ಲಿ. ನಮ್ಮಲ್ಲೂ ಹಂಗೇ ಆತು. ಮೊದಲು ಎದುರುಮನೆ ಕೂಸು, ಆಮೇಲೆ ಅದರ ಬಟ್ಟೆ ತೊಳೆದ ಅವರಮ್ಮ, ಆಮೇಲೆ ಅವರ ಮನೆಯಾಗೆ ಕಾಫಿ ಕುಡಿದು ಬಂದ ನಿಮ್ಮಣ್ಣ, ಅವನ ಚೊಂಬು ಬಳಿದ ನಾನು. ಆಸ್ಪತ್ರೆ ಡಾಕ್ಟ್ರು ಹೇಳಿದ್ರು, ಇದು ಕಣ್ಣಿಗೆ ಕಾಣದ ಒಂದು ಕ್ರಿಮಿ, ವೈರಸ್ ಅಂತಾರಂತೆ. ವಾಂತಿ ಭೇದಿಯಾಗೇ ಹೊರಗೆ ಬರ್ತೈತೆ, ಕೈಗೆ ಅಂಟ್ತೈತೆ, ಕೈಯಿಂದ ಬಾಯಿಗೆ ಹೋಗ್ತೈತೆ. ಒಳಗೆ ಹೋದ ಕೂಡಲೇ ಕಾಣಿಸ್ಕಳಂಗಿಲ್ಲ, ಒಂದೆರಡು ದಿನ ಸುಮ್ಮನೆ ಕುಂತಿದ್ದು ಆಮೇಲೆ ಎದ್ದು ಕುಣೀತೈತೆ. ಮೊದಲು ಹೊಟ್ಟೆ ತೊಳಸ್ತೈತೆ, ಊಟದ ವಾಸನೆ ಆಗಂಗಿಲ್ಲ, ಆಮೇಲೆ ವಾಂತಿ, ಅದರ ಹಿಂದೇನೇ ನೀರಿನಂಗೆ ಭೇದಿ, ಬೆಚ್ಚಗೆ ಜ್ವರ, ಕಾಲು ಸೆಳೆತ. ನೀನು ಬರೆದಿದ್ದು ಇದೇ ಅಲ್ಲವೇನೇ? ನೀನು ಮಜ್ಜಿಗೆ ಕೊಡಾಕೆ ಮೊದಲೇ ಅಳಿಯಂದಿರು ಹೊಟ್ಟೆ ಒಂಥರಾ ಅಂದಿದ್ರಲ್ಲ! ಅದನ್ನ ಯಾಕೆ ಬಾಯಿ ಬಿಟ್ಟು ಹೇಳ್ಲಿಲ್ಲ ನೀನು?

ತಾನಾಗೇ ಹೋಗ್ತೈತೆ, ಸಾಯಿಸಂಗಿಲ್ಲ. ಸಾಯಿಸೋದು ನೀರಿಲ್ಲದ್ದು. ಹರಿದು ಹೋದ ನೀರನ್ನ ಒಳಗೆ ಹಾಕ್ತಾನೇ ಇರಬೇಕು ಅಂದ್ರು ಡಾಕ್ಟ್ರು, ನಿಮ್ಮ ಅತ್ತೆ ಅದನ್ನೇ ನಿಲ್ಲಿಸೈತೆ! ಅಳಿಯಂದಿರ ಕಣ್ಣು ಗುಳಿ ಬಿದ್ದಾವ ನೋಡು. ನಾಲಿಗೆ ಒಣಗೈತಾ ನೋಡು. ಒಂದಕ್ಕೆ ಹೋಗಿ ಎಷ್ಟು ಹೊತ್ತಾತು ಅಂತ ಕೇಳು, ನಾಚಿಕೆ ಪಡಬ್ಯಾಡ. ಮುಂಗೈ ಮೇಲಿನ ಚರ್ಮ ಚಿವುಟಿ ಬಿಡು, ಅದು ಬೇಗ ಕೆಳಗೆ ಕೂರದೆ ಹಂಗೇ ನಿಂತ್ರೆ ನೀರು ಬತ್ತೈತೆ ಅಂತ ಲೆಕ್ಕ. ಚೊಂಬು ನೀರು ಕುದಿಸಿ ಆರಿಸಿ, ಒಂದು ಹಿಡಿ ಸಕ್ಕರೆ, ಮೂರು ಬೆರಳಿನಾಗೆ ಹಿಡಿಯೋಷ್ಟು ಉಪ್ಪು ಹಾಕು. ನಾಲಿಗೆಗೆ ಹಚ್ಚಿ ನೋಡು, ಕಣ್ಣೀರಿಗಿಂತ ಉಪ್ಪಾಗಬಾರದು. ಗಟಗಟ ಕುಡಿಸಿದ್ರೆ ವಾಪಸ್ ಬರ್ತೈತೆ, ಚಮಚದಾಗೆ ಕೊಡು. ಅವರ ಲೋಟ ನೀನು ಬಾಯಿಗೆ ಇಡಬ್ಯಾಡ. ಕೈ ಸೋಪು ಹಾಕಿ ತೊಳಿ. ಮಾತು ಕಮ್ಮಿ ಆತು, ಬಾ ಅಂದ್ರೆ ತಿರುಗಿ ನೋಡಂಗಿಲ್ಲ ಅಂದ್ರೆ, ಯಾರು ಏನೇ ಅನ್ಲಿ, ಮಾವನೋರ ಕಾಲು ಹಿಡಿದು ಆಸ್ಪತ್ರೆಗೆ ಹಾಕ್ಸು.

ಮದ್ದು ತೆಗೆಸಾಕೆ ಮಾತ್ರ ಕರ್ಕಂಡು ಹೋಗಾಕೆ ಬಿಡಬ್ಯಾಡ. ಅಲ್ಲಿ ಸೊಪ್ಪಿನ ರಸ ಕುಡಿಸಿ ಕಕ್ಕಿಸ್ತಾರೆ, ಇರೋ ನೀರೂ ಹೋಗ್ತೈತೆ.

ನಾನೇ ಬರ್ತಿದ್ದೆ ಕಣೇ. ಇಲ್ಲಿ ಹಸಿ ಬಾಣಂತಿ, ಹಸಿ ಕೂಸು. ಅಲ್ಲಿಂದ ಹೊತ್ಕಂಡು ಬಂದು ಈ ಕೂಸಿಗೆ ಅಂಟಿಸಿದ್ರೆ ಏನು ಗತಿ ಅಂದ್ರು ಡಾಕ್ಟ್ರು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಬೇಗ ಉತ್ತರ ಹಾಕು.

ಕಸ್ತೂರಮ್ಮ


ನ್ಯಾಮತಿ
2-2-1982

ಅಮ್ಮನಿಗೆ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಬಂದಿದ್ದರೂ ತಡೆಯಲು ನನ್ನ ಕೈಯಲ್ಲಿ ಆಗುತ್ತಿತ್ತೋ ಇಲ್ಲವೋ. ನಿನ್ನೆ ಬೆಳಿಗ್ಗೆ ಇವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮದ್ದು ತೆಗೆಯುವವನ ಊರಿಗೆ ಹೋಗಿ ಬಂದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ಎರಡು ದಿನದಿಂದ ಭೇದಿ ಕಮ್ಮಿಯಾಗುತ್ತಾ ಬಂದಿತ್ತು ಅಮ್ಮಾ. ಬೇಡ ಅಂತ ನಾನು ಗಾಡಿಗೆ ಅಡ್ಡ ನಿಂತೆ. "ನಿನ್ನ ಗುಟ್ಟು ಹೊರಬೀಳ್ತೈತೆ ಅಂತ ಭಯನಾ?" ಅಂದರು ಅತ್ತೆ. ಓಣಿಯವರೆಲ್ಲ ನೋಡುತ್ತಿದ್ದರು. ಪಕ್ಕಕ್ಕೆ ಸರಿದೆ.

ಅಲ್ಲಿ ಏನೋ ಎಲೆ ಅರೆದು ಕುಡಿಸಿದರಂತೆ. ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತಂತೆ. ವಾಂತಿಯಲ್ಲಿ ಕರ್ರಗೆ ಬೀಜದಷ್ಟು ಏನೋ ಇತ್ತಂತೆ. ಅದನ್ನು ಅವನು ಕಡ್ಡಿಯಲ್ಲಿ ಎತ್ತಿ ತೋರಿಸಿ, ಇದೇ ನೋಡ್ರಿ ಮದ್ದು, ಹೆಣ್ಣಿನ ಕೈ ಅಂದನಂತೆ. ಅತ್ತೆ ಅದನ್ನು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಅವರ ಅಳು ಸುಳ್ಳಲ್ಲ. ಮಗ ಸಾಯುತ್ತಾನೆ ಅಂತ ಅವರಿಗೆ ನಿಜವಾಗಿ ಭಯ ಇದೆ. ನನಗೂ ಅದೇ ಭಯ. ಇಬ್ಬರೂ ಒಂದೇ ಮನುಷ್ಯನಿಗೆ ಅಳುತ್ತೇವೆ, ಅವರು ಒಳಗೆ, ನಾನು ಪಡಸಾಲೆಯಲ್ಲಿ.

ಇವರು ಬಂದವರು ಗೋಡೆ ಕಡೆ ತಿರುಗಿ ಮಲಗಿದ್ದಾರೆ.

ಅಣ್ಣನನ್ನು ಕಳಿಸಬೇಡ. ಅವನು ಬಂದರೆ ಜಗಳ ಆಡಿ ನನ್ನನ್ನು ಬಸ್ಸು ಹತ್ತಿಸುತ್ತಾನೆ. ಈಗ ಈ ಮನೆಯ ಹೊಸಿಲು ದಾಟಿದರೆ, ಮದ್ದು ಹಾಕಿ ಓಡಿಹೋದವಳು ಅಂತ ಸಾಯುವ ತನಕ ಹೆಸರು ಉಳಿಯುತ್ತೆ. ನನ್ನ ಕೈಯಲ್ಲಿ ಯಾರೂ ಒಂದು ಲೋಟ ನೀರು ಇಸಿದುಕೊಳ್ಳುವುದಿಲ್ಲ. ಚನ್ನಗಿರಿಯಲ್ಲೂ ಇಲ್ಲ.

ಗುಡಿಗೆ ಹೋಗುವ ನೆಪದಲ್ಲಿ ಇದನ್ನು ಡಬ್ಬಿಗೆ ಹಾಕುತ್ತೇನೆ.

ಪ್ರೇಮ


ನ್ಯಾಮತಿ
5-2-1982

ಅಮ್ಮನಿಗೆ,

ನಿನ್ನ ಕಾಗದ ನಿನ್ನೆ ಬಂತು. ಪೋಸ್ಟಿನವರು ಮಾವನ ಕೈಗೆ ಕೊಟ್ಟರು. ಮಾವ ಒಡೆಯದೆ ತಂದು ನನಗೆ ಕೊಟ್ಟರು. ಹಿತ್ತಲಲ್ಲಿ ಕೂತು ಎರಡು ಸಲ ಅಲ್ಲ, ಕಣ್ಣೀರು ಒರೆಸಿಕೊಂಡು ಒರೆಸಿಕೊಂಡು ಎಷ್ಟು ಸಲ ಓದಿದೆನೋ. ನಿನ್ನನ್ನು ಹಾಗೆ ಕೇಳಿದ್ದಕ್ಕೆ ನನಗೆ ಬೇಕಾದ್ದು ಅನ್ನು, ಈಗ ಬೇಡ.

ಅತ್ತೆ ಸಿದ್ದಲಿಂಗಮ್ಮನ ಮನೆಗೆ ಹೋಗಿದ್ದರು. ಒಳಗೆ ಹೋಗಿ ಇವರ ಪಕ್ಕ ಕೂತೆ. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಇವರ ಮುಖವನ್ನು ನಾನು ಹಗಲು ಹೊತ್ತಿನಲ್ಲಿ ಸರಿಯಾಗಿ ನೋಡಿದ್ದೇ ಆಗ. ಕಣ್ಣು ಒಳಗೆ ಹೋಗಿವೆ. ತುಟಿ ಬಿರುಕು ಬಿಟ್ಟಿದೆ. ಒಂದಕ್ಕೆ ಹೋಗಿ ಎಷ್ಟು ಹೊತ್ತಾಯಿತು ಅಂತ ಕೇಳಿದೆ. ನಿನ್ನೆ ಅಂದರು. ಮುಂಗೈ ಚಿವುಟಿದೆ. ಚರ್ಮ ನೀನು ಹೇಳಿದ ಹಾಗೆ ನಿಂತೇ ಇತ್ತು ಅಮ್ಮಾ, ನಾನು ನೋಡುತ್ತಾ ಇದ್ದೆ, ಅದು ಕೆಳಗೆ ಕೂರಲೇ ಇಲ್ಲ.

ಅಡುಗೆಮನೆಗೆ ಹೋದೆ. ಬಂದು ಬೈಯಲಿ, ಹೊಡೆಯಲಿ ಅಂತ ಒಲೆ ಹಚ್ಚಿದೆ. ನೀರು ಕುದಿಸಿ, ಆರಿಸಿ, ಸಕ್ಕರೆ ಉಪ್ಪು ಹಾಕಿದೆ. ಉಪ್ಪಿನ ಅಳತೆ ನೋಡಲಿಕ್ಕೆ ಕಣ್ಣೀರಿಗೆ ಬರವಿರಲಿಲ್ಲ.

ಲೋಟ ಮುಂದೆ ಹಿಡಿದರೆ ಇವರು ನನ್ನ ಮುಖ ನೋಡಲಿಲ್ಲ. ಕೈ ನೋಡಿದರು. ಆಮೇಲೆ ಲೋಟದ ಒಳಗೆ ನೋಡಿದರು. ಬಾಯಾರಿ ಸಾಯುತ್ತಿದ್ದಾರೆ, ಆದರೂ ಕೈ ಮುಂದೆ ಬರುತ್ತಿಲ್ಲ. ಅಮ್ಮಾ, ಅತ್ತೆ ಅಂದಿದ್ದು, ಸಿದ್ದಲಿಂಗಮ್ಮ ಅಂದಿದ್ದು ಯಾವುದೂ ನನಗೆ ಅಷ್ಟು ನಾಟಿರಲಿಲ್ಲ. ನಾನು ಆ ಲೋಟ ಎತ್ತಿ ಒಂದು ಗುಟುಕು ಕುಡಿದೆ. ಸಾಲದು ಅಂತ ಅವರಿಗೆ ಕಾಣುವ ಹಾಗೆ ಇನ್ನೊಂದು. ಆಗ ಬಾಯಿ ತೆರೆದರು. ಅದೇ ಲೋಟದಿಂದ ಚಮಚ ಚಮಚವಾಗಿ ಕುಡಿಸಿದೆ. ಲೋಟ ಬಾಯಿಗೆ ಇಡಬೇಡ ಅಂತ ನೀನು ಬರೆದಿದ್ದೆ, ಗೊತ್ತು. ಬೈಯಬೇಡ. ಬೇರೆ ದಾರಿ ಇರಲಿಲ್ಲ.

ಅತ್ತೆ ಬಂದು ನೋಡಿ ಬಾಗಿಲಲ್ಲೇ ನಿಂತರು. ಕೂಗಲಿಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಇವರೇ, "ಇನ್ನೊಂದು ಚಮಚ ಹಾಕು" ಅಂದರು. ಅತ್ತೆ ಹಿತ್ತಲಿಗೆ ಹೋದರು.

ಇವತ್ತು ಬೆಳಿಗ್ಗೆ ಇವರು ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದು ಹೋಗಿ ಒಂದಕ್ಕೆ ಹೋಗಿ ಬಂದರು. ನಗಬೇಡ. ಅದಕ್ಕೆ ನಾನು ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಆದರೆ ಮಧ್ಯಾಹ್ನ ಮಾವನಿಗೆ ಶುರುವಾಯಿತು. ಅದೇ ವಾಂತಿ, ಅದೇ ಭೇದಿ. ಇವರ ಬಟ್ಟೆಯನ್ನೆಲ್ಲ ತೆಗೆದು ಹಾಕಿದವರು ಅವರೇ ತಾನೆ. "ನಿಮಗೂ ಹಾಕಿದ್ಲಾ ಈ ಮಾರಿ" ಅಂತ ಅತ್ತೆ ಎದೆ ಬಡಿದುಕೊಂಡರು. ಮಾವ ಮಲಗಿದಲ್ಲಿಂದಲೇ, "ನನಗ್ಯಾಕೆ ಹಾಕ್ತಾಳೆ, ನಾನೇನು ಅವಳ ಗಂಡನಾ? ಹೋಗಿ ಡಾಕ್ಟ್ರನ್ನ ಕರ್ಕಂಡು ಬಾರೇ" ಅಂದರು. ಇಷ್ಟು ದಿನ ಆದಮೇಲೆ ನನಗೆ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡೆ. ಅತ್ತೆ ಈಗ ಬೇರೆ ಹೇಳುತ್ತಿದ್ದಾರೆ. ಊಟಕ್ಕಲ್ಲ, ಹಂಡೆ ನೀರಿಗೇ ಹಾಕಿದ್ದಾಳೆ ಅಂತೆ.

ನನಗೂ ಬರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ ಅಮ್ಮಾ. ನನಗೆ ನಾನೇ ಮದ್ದು ಹಾಕಿಕೊಂಡೆ ಅಂತ ಯಾರೂ ಅನ್ನಲಾರರು.

ಪ್ರೇಮ


ಚನ್ನಗಿರಿ
8-2-1982

ಪ್ರೇಮಾ, ನಿನಗೆ ತಲೆ ನೆಟ್ಟಗೈತಾ? ರೋಗ ಬರ್ಲಿ ಅಂತ ದೇವರ ಹತ್ರ ಬೇಡ್ಕಂಡ ಹೆಣ್ಣು ನೀನೊಬ್ಳೇ ಇರಬೇಕು. ನಿನಗೆ ಬಂದ್ರೆ ಆ ಮನೆಯಾಗೆ ನಿನಗೆ ಚಮಚ ಹಿಡಿಯೋರು ಯಾರು? ಅದನ್ನ ಯೋಚನೆ ಮಾಡಿದ್ಯಾ? ಹೊಟ್ಟೆ ತೊಳಸಾಕೆ ಶುರುವಾದ ಕೂಡಲೇ ನೀರು ಮಾಡಿ ಪಕ್ಕದಾಗೆ ಇಟ್ಕ. ಈ ಕಾರ್ಡು ಮುಟ್ಟಿದ ತಕ್ಷಣ ಒಂದು ಗೆರೆ ಬರಿ. ಡಾಕ್ಟ್ರು ಬಂದ್ರಾ?

ಅಮ್ಮ


ಚನ್ನಗಿರಿ
13-2-1982

ಪ್ರೇಮಾ, ನಿನ್ನ ಕಾಗದ ಇಲ್ಲ. ಪೋಸ್ಟಿನೋನು ನಮ್ಮನೆ ಮುಂದೆ ಬಂದ್ರೆ ಎದ್ದು ನಿಲ್ತೀನಿ, ಅವನು ಸೈಕಲ್ಲು ಇಳಿಯದೆ ಹೋಗ್ತಾನೆ. ಇವತ್ತು ಅವನೇ ನನ್ನ ಮುಖ ನೋಡಾಕೆ ಆಗದೆ ಆಚೆ ಓಣಿಯಾಗೆ ಹೋದ. ಬಂಗಾರಪ್ಪನ್ನ ಕಳಿಸಬ್ಯಾಡ ಅಂದಿದ್ದೆ. ನಾಳೆ ಮೊದಲನೇ ಬಸ್ಸಿಗೆ ಕಳಿಸ್ತಿದೀನಿ. ಈ ಕಾರ್ಡಿಗಿಂತ ಅವನೇ ಮೊದಲು ಬರ್ತಾನೆ, ಆದ್ರೂ ಬರೀತಿದೀನಿ.

ಅಮ್ಮ


ನ್ಯಾಮತಿ
16-2-1982

ಬೀಗಿತ್ತಿ ಕಸ್ತೂರಮ್ಮನೋರಿಗೆ ಓಂಕಾರಪ್ಪನ ಮನೆಯಾಕೆ ಕಲ್ಲಮ್ಮನ ಶರಣು.

ನಿಮ್ಮ ಮಗನ ಕೈಯಾಗೇ ಇದನ್ನ ಕೊಟ್ಟು ಕಳಿಸ್ತಿದೀನಿ. ಅವನು ಬಾಯಾಗೆ ಹೇಳಾಕೆ ಮೊದಲು ನಾನೇ ಬರೀಬೇಕು ಅನ್ನಿಸ್ತು. ನನಗೆ ಬರೆದು ರೂಢಿ ಇಲ್ಲ, ಅಕ್ಷರ ಸೊಟ್ಟ ಆದ್ರೆ ಹೊಟ್ಟೆಗೆ ಹಾಕ್ಕಳ್ರಿ.

ಮೊದಲು ನಿಮಗೆ ಬೇಕಾದ್ದು ಹೇಳಿಬಿಡ್ತೀನಿ. ನಿಮ್ಮ ಮಗಳು ಹುಷಾರಾಗಿ ಅವಳೆ. ಇಳಿದು ಹೋಗೈತೆ ಮೈ, ಆದ್ರೆ ಓಡಾಡ್ತಾಳೆ. ಡಾಕ್ಟ್ರನ್ನ ನಾನು ಕರೀಲಿಲ್ಲ, ನಿಮ್ಮ ಮಗಳು ಮಾಡಿದ ನೀರಿನಾಗೇ ನಮ್ಮ ಯಜಮಾನ್ರೂ ಎದ್ದು ಕುಂತ್ರು.

ನಮ್ಮ ಯಜಮಾನ್ರು ಮಲಗಿದ ಮಾರನೇ ದಿನ ಅವಳಿಗೂ ಹೊಟ್ಟೆ ತೊಳಸಾಕೆ ಶುರುವಾತು. ಅನ್ನದ ವಾಸನೆ ಆಗಂಗಿಲ್ಲ ಅಂತ ಓಡಿಹೋಗಿ ವಾಂತಿ ಮಾಡ್ಕಂಡ್ಲು. ನಾನು ಪೆದ್ದಿ, ಬಸುರಿ ಆದ್ಲು ಅಂತ ತಿಳ್ಕಂಡೆ ಕಣ್ರೀ! ಅಷ್ಟು ದಿನ ಮಾರಿ ಅಂದಿದ್ದ ಬಾಯಾಗೇ ತಾಯಿ ಅಂದು, ಹುಣಸೆಹಣ್ಣು ತಂದು ಕೈಯಾಗೆ ಇಟ್ಟೆ. ಅವಳು ನನ್ನ ಮುಖ ನೋಡಿ, "ಅಲ್ಲ ಅತ್ತೆ, ಅದೇ ಇದು" ಅಂದ್ಲು. ನಗ್ತಿದ್ಲು! ಅರ್ಧ ಗಂಟೆಯಾಗೆ ಗೊತ್ತಾತು ಬಸುರಿ ಅಲ್ಲ ಅಂತ. ನನ್ನ ಮಗ ಶಿವಮೂರ್ತಿಗೆ ಹೆಂಗಿತ್ತೋ ಹಂಗೇ, ಒಂದು ಗುಲಗಂಜಿ ಹೆಚ್ಚು ಕಮ್ಮಿ ಇಲ್ಲ. ಪಕ್ಕದ ಮನೆ ಸಿದ್ದಲಿಂಗಮ್ಮನ್ನ ಕರೆದು ತೋರಿಸ್ದೆ. ಸಂಶಯ ಬರಬಾರದು ಅಂತ ತಾನೂ ಒಂಚೂರು ನೆಕ್ಕಿದಾಳೆ ಅಂದ್ಲು ಆ ಯಮ್ಮ. ಅವತ್ತು ಮೊದಲನೇ ಸಲ ನನಗೆ ಅವಳ ಮಾತು ರುಚಿಸಲಿಲ್ಲ. ಕಾಗದ ಬರಿಯಾಕೆ ಕೂತ್ರೆ ತಲೆ ತಿರುಗ್ತೈತೆ ಅಂತಿದ್ಲು ಹುಡುಗಿ. ಅವಳಿಗೆ ಚಮಚ ಹಿಡಿದೋನು ಶಿವಮೂರ್ತಿ, ನೆಟ್ಟಗೆ ಕೂರಾಕೆ ಆಗದೆ ಇದ್ರೂ.

ಆಮೇಲೆ ನನ್ನ ಸರದಿ ಬಂತು. ಏನು ಹೇಳ್ಲಿ. ಎದ್ದು ಹೋಗಾಕೂ ಆಗಲಿಲ್ಲ. ಮಲಗಿದಲ್ಲೇ ಆತು. ನನ್ನ ಹೆತ್ತ ಮಗಳು ಹೊನ್ನಾಳಿಯಾಗೆ ಅವಳೆ, ಬರಾಕೆ ಹೇಳಿ ಕಳಿಸಿದ್ರೆ ಅವರ ಮನೆಯಾಗೂ ಇದೇ ಅಂತ ಸುದ್ದಿ ಬಂತು, ಅವಳ ಅತ್ತೆಗೆ, ಮೈದುನಗೆ. ಅಲ್ಲಿಗೆ ಹೋಗಿ ನಿಮ್ಮ ಮಗಳು ಯಾವ ಹಂಡೆಗೆ ಏನು ಹಾಕಾಕೆ ಆಗ್ತೈತೆ ಹೇಳ್ರಿ. ಕೂಸು ಬಂದಾಗಲೇ ಬಂತಲ್ಲ ಈ ಪೀಡೆ ಅಂತ ಆಗ ತಲೆಗೆ ಹೋತು.

ನನ್ನ ಬಟ್ಟೆ ತೆಗೆದೋಳು, ಮೈ ಒರೆಸಿದೋಳು ನಿಮ್ಮ ಮಗಳು. ಅವಳೂ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಲೋಟ ತಂದು ಹಿಡಿದ್ಲು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು ಕಸ್ತೂರಮ್ಮ. ಆದ್ರೂ ಹಾಳು ಬಾಯಿ ಸುಮ್ಮನಿರಲಿಲ್ಲ. "ಅವತ್ತು ಗಂಡನಿಗೆ ಕೊಡುವಾಗ ಕುಡಿದ್ಯಂತಲ್ಲ, ಹಂಗೆ ಮೊದಲು ನೀನು ಕುಡಿ" ಅಂದೆ.

ಹುಡುಗಿ ಕುಡೀಲಿಲ್ಲ. ಸಿಟ್ಟೂ ಮಾಡ್ಕಳಲಿಲ್ಲ. "ಇಲ್ಲ ಅತ್ತೆ. ಒಬ್ಬರು ಬಾಯಿಟ್ಟ ಲೋಟ ಇನ್ನೊಬ್ಬರು ಮುಟ್ಟಬಾರದು ಅಂತ ಅಮ್ಮ ಬರೆದೈತೆ. ಅವತ್ತು ತಪ್ಪು ಮಾಡ್ದೆ, ಅದಕ್ಕೆ ಮಲಗಿದೆ. ಇನ್ನು ಯಾರಿಗೂ ಕುಡಿದು ತೋರಿಸಂಗಿಲ್ಲ. ನಂಬಿಕೆ ಇದ್ರೆ ಕುಡೀರಿ, ಇಲ್ದಿದ್ರೆ ಹಂಗೇ ಪಕ್ಕದಾಗೆ ಇಟ್ಟಿರ್ತೀನಿ" ಅಂದ್ಲು. ಇಟ್ಟು, ಗೋಡೆಗೆ ಒರಗಿ ಕುಂತ್ಲು. ಎದ್ದು ಹೋಗಲಿಲ್ಲ.

ಬಹಳ ಹೊತ್ತು ಲೋಟ ನೋಡಿದೆ. ಆಮೇಲೆ ನಾನೇ ಕೈ ಚಾಚಿದೆ. ಕುಡಿದೆ ಕಣ್ರೀ. ಉಪ್ಪುಪ್ಪು, ಸಿಹಿ. ಬದುಕಿದೆ.

ನಿಮ್ಮ ಮಗ ಜಗಳಕ್ಕೆ ಅಂತ ಮೀಸೆ ತಿರುವ್ಕಂಡು ಬಂದೋನು ನಮ್ಮ ಅವತಾರ ನೋಡಿ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬಾವಿಯಿಂದ ನೀರು ಹೊತ್ತು ಹಂಡೆ ತುಂಬಿದ. ಮದ್ದು ತೆಗೆಯೋನಿಗೆ ನಾಲ್ಕು ಬಿಗೀತೀನಿ ಅಂತಿದ್ದ, ನಾನೇ ತಡೆದೆ. ಕೂಸಿಗೆ ಅಂಟಬಾರದು ಅಂತ ಅವನ ಕೈನ ನಿಮ್ಮ ಮಗಳು ಸೋಪು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಮನೆಗೆ ಬಂದ ಕೂಡಲೇ ನೀವೂ ಒಂದು ಸಲ ತಿಕ್ಕಿಸ್ರಿ.

ಕೊನೇದಾಗಿ ಒಂದು ಕೇಳ್ತೀನಿ, ಇಲ್ಲ ಅನ್ನಬ್ಯಾಡ್ರಿ. ಆ ಶುಂಠಿ ಪುಡಿ ಇನ್ನೊಂದು ಗಂಟು ಕುಟ್ಟಿ ಕಳಿಸ್ರಿ. ಮೊದಲಿಂದನ್ನ ನಾನೇ ತಿಪ್ಪೆಗೆ ಎಸೆದೆ.

ಕಲ್ಲಮ್ಮ


ಚನ್ನಗಿರಿ
20-2-1982

ಕಲ್ಲಮ್ಮನೋರಿಗೆ ಕಸ್ತೂರಮ್ಮನ ಶರಣು.

ಕಾಗದ ಮುಟ್ಟಿತು. ನಾನು ಬೈಬೇಕು ಅಂತ ಎಷ್ಟೋ ಮಾತು ಕೂಡಿಟ್ಟಿದ್ದೆ, ನೀವು ಒಂದಕ್ಕೂ ಜಾಗ ಬಿಡಲಿಲ್ಲ. ಎಲ್ಲಾ ನೀವೇ ಬೈಕಂಡಿದೀರಿ. ಪುಡಿ ಕುಟ್ಟಾಕೆ ಒಣಶುಂಠಿ ಬಿಸಿಲಿಗೆ ಹಾಕಿದೀನಿ. ಇದನ್ನ ನಾನು ರುಚಿ ನೋಡಿ ಕಳಿಸಂಗಿಲ್ಲ, ಈಗಲೇ ಹೇಳಿರ್ತೀನಿ. ನನ್ನ ಮಗಳಂಗೇ ನಾನೂ.

ಕಸ್ತೂರಮ್ಮ


ನ್ಯಾಮತಿ
12-3-1982

ಅಮ್ಮನಿಗೆ ಪ್ರೇಮ ಮಾಡುವ ನಮಸ್ಕಾರ.

ನಾವು ಕ್ಷೇಮ. ಈ ಸಲ ಸುಳ್ಳಲ್ಲ. ಇವರು ಅಂಗಡಿಗೆ ಹೋಗುತ್ತಿದ್ದಾರೆ. ನನ್ನ ಜೊತೆ ಮಾತಾಡುವಾಗ ಇನ್ನೂ ತಲೆ ತಗ್ಗಿಸುತ್ತಾರೆ. ಲೋಟ ಕೊಟ್ಟರೆ ಒಳಗೆ ನೋಡದೆ ಬೇಕು ಅಂತಲೇ ಒಂದೇ ಗುಟುಕಿಗೆ ಕುಡಿಯುತ್ತಾರೆ. ಆ ದಿನದ ನೋಟ ನಾನು ಮರೆತಿಲ್ಲ, ಅವರಿಗೂ ಅದು ಗೊತ್ತು. ಹೋಗುತ್ತೆ ಅನ್ನಿಸುತ್ತೆ, ನಿಧಾನಕ್ಕೆ.

ಓಣಿಯಲ್ಲಿ ನಾನು ನೀರಿಗೆ ಹೋದರೆ ಕೆಲವರು ಈಗಲೂ ಮಾತು ನಿಲ್ಲಿಸುತ್ತಾರೆ.

ನಿನ್ನ ಗಂಟು ನಿನ್ನೆ ಬಂತು. ಅತ್ತೆ ಅದನ್ನು ಒಳಗೆ ಬಿಚ್ಚಲಿಲ್ಲ. ಜಗಲಿಯ ಮೇಲೆ ಕೂತು, ಸಿದ್ದಲಿಂಗಮ್ಮ ಮತ್ತೆ ಓಣಿಯ ಹೆಂಗಸರೆಲ್ಲ ಇರುವಾಗ ಬಿಚ್ಚಿದರು. ಎಲ್ಲರೂ ನೋಡುತ್ತಿದ್ದ ಹಾಗೇ ಒಂದು ಚಿಟಿಕೆ ತೆಗೆದು ತಮ್ಮ ನಾಲಿಗೆಯ ಮೇಲೆ ಹಾಕಿಕೊಂಡರು. "ಖಾರ ಐತೆ, ನಿಮ್ಮಮ್ಮನ ಬಾಯಿದ್ದಂಗೆ" ಅಂದರು. ಆಮೇಲೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, "ಟ್ರಂಕಿನಾಗೆ ಇಡಬ್ಯಾಡ. ಒಲೆ ಪಕ್ಕದ ಗೂಡಿನಾಗೆ ಇಡು, ಎಲ್ಲರಿಗೂ ಕಾಣಂಗೆ" ಅಂದರು.

ಅಲ್ಲೇ ಇಟ್ಟಿದ್ದೇನೆ. ಅಮ್ಮಾ, ಏನಿತ್ತು ಅಂತ ನಾನು ನಿನ್ನ ಕೇಳಿದ್ದೆನಲ್ಲ. ಬರುವ ಯುಗಾದಿಗೆ ಬರುತ್ತೇನೆ, ಆವಾಗ ಜಗಳ ಆಡು.

ನಿನ್ನ ಮಗಳು,
ಪ್ರೇಮ